ಹಗುರ ಕಲ್ಲು

ಬಾಹುಬಲಿ ಆ ಚಳಿಗಾಲದಲ್ಲಿ ವಾರಕ್ಕೆ ನಾಲ್ಕು ದಿನ ಉಪವಾಸ ಮಲಗುತ್ತಿದ್ದ. ವ್ರತವೇನೂ ಇರಲಿಲ್ಲ. ತೇರದಾಳದ ಜೈನರ ಮನೆಗಳಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಇವನು ಬನಹಟ್ಟಿ ರಸ್ತೆಯಲ್ಲಿದ್ದ ತನ್ನ ಸಿಮೆಂಟ್ ರಿಂಗಿನ ಅಂಗಳದಿಂದ ಬರುವಷ್ಟರಲ್ಲಿ ದೀಪ ಹಚ್ಚಿ ಎಷ್ಟೋ ಹೊತ್ತಾಗಿರುತ್ತಿತ್ತು. ಮೈತುಂಬ ಬೂದಿ ಮೆತ್ತಿಕೊಂಡು ಬಂದವನು ಕೈಕಾಲು ತೊಳೆದು ಸುಮ್ಮನೆ ಹಾಸಿಗೆ ಸೇರುತ್ತಿದ್ದ. ಹೆಂಡತಿ ಮಹಾದೇವಿ ಎಂಟು ದಿನ ತಡೆದಳು. ಒಂಬತ್ತನೆಯ ದಿನ ನಾಲ್ಕು ಗಂಟೆಗೇ ರೊಟ್ಟಿ ಬಡಿದು, ಹೆಸರುಕಾಳಿನ ಪಲ್ಯದ ಜೊತೆ ಡಬ್ಬಿಗೆ ಹಾಕಿಕೊಂಡು ಟಂಟಂ ರಿಕ್ಷಾ ಹತ್ತಿ ಅಂಗಳಕ್ಕೆ ಬಂದಳು.

"ನೀ ಯಾಕ ಬಂದಿ?" ಎಂದ ಬಾಹುಬಲಿ.

"ನೀವು ಊಟಕ್ಕ ಬರೂದಿಲ್ಲಂದ್ರ ಊಟಾನ ನಿಮ್ಮ ಕಡೆ ಬರಬೇಕಲ್ರಿ."

ಅವನು ಬಾವಿಗೆ ಇಳಿಸುವ ರಿಂಗು, ಬೇಲಿಕಂಬ, ದನಗಳ ಗೋದಲಿ ಎರಕ ಹೊಯ್ದು ಬದುಕು ಮಾಡಿಕೊಂಡಿದ್ದವನು. ಅಂಗಳದ ಹಿಂದೆ ಸಕ್ಕರೆ ಕಾರ್ಖಾನೆಯವರು ಬಾಯ್ಲರಿನ ಬೂದಿ ತಂದು ಸುರಿಯುತ್ತಿದ್ದರು. ಎರಡು ಹಂಗಾಮಿನಲ್ಲಿ ಅದು ಗುಡ್ಡದಷ್ಟಾಗಿತ್ತು. ಗಾಳಿ ಬೀಸಿದರೆ ಬನಹಟ್ಟಿಯವರು ಒಣಹಾಕಿದ ನೂಲಿನ ಮೇಲೆ ಕೂರುತ್ತಿತ್ತು, ನೇಕಾರರು ಬಂದು ಬೈದು ಹೋಗುತ್ತಿದ್ದರು. ಈ ಬೂದಿಯನ್ನೇ ಉಂಡೆ ಕಟ್ಟಿ, ಕಾಂಕ್ರೀಟಿಗೆ ಖಡಿಯ, ಅಂದರೆ ಜಲ್ಲಿಕಲ್ಲಿನ, ಬದಲು ಹಾಕಬಹುದೆಂದು ಬಾಹುಬಲಿ ಎಲ್ಲೋ ಓದಿದ್ದ. ಅಂದಿನಿಂದ ಹಿಡಿದ ಹುಚ್ಚು ಬಿಟ್ಟಿರಲಿಲ್ಲ.

ಚಕ್ಕಡಿಯ ಗಾಲಿಯಷ್ಟು ಅಗಲದ ಕಬ್ಬಿಣದ ತಾಟೊಂದನ್ನು ಮಾಡಿಸಿ, ಮೊರ ಹಿಡಿದಂತೆ ಓರೆಯಾಗಿ ನಿಲ್ಲಿಸಿ, ಹಳೆಯ ಮಗ್ಗದ ಮೋಟಾರು ಜೋಡಿಸಿದ್ದ. ಮಹಾದೇವಿ ನೋಡುತ್ತ ನಿಂತಳು. ತಾಟು ಗಿರಗಿರ ತಿರುಗಿತು. ಅವನು ಬೂದಿಗೆ ಸಿಮೆಂಟು ಕಲಸಿ ಬುಟ್ಟಿಗಟ್ಟಲೆ ಸುರಿದು ಮೇಲೆ ಪೈಪಿನಿಂದ ನೀರು ಬಿಟ್ಟ. ಮುಷ್ಟಿ ಗಾತ್ರದ ನಾಲ್ಕು ಗಂಟು ಬಿದ್ದವು, ಒಂದಿಷ್ಟು ಚಕ್ಕೆ, ಉಳಿದದ್ದೆಲ್ಲ ರಾಡಿ.

"ದಿನಾ ಹಿಂಗ ನೋಡ್ರಿ ಅಕ್ಕಾರ," ಎಂದಳು ಅಂಗಳದಲ್ಲಿ ಕೆಲಸಕ್ಕಿದ್ದ ತಂಗೆವ್ವ, ಜರಡಿ ಕೆಳಗಿಟ್ಟು. "ಮುಂಜಾನಿ ಬೂದಿ, ಸಂಜಿಗಿ ರಾಡಿ."

ಮಹಾದೇವಿಗೆ ನಗು ಬರಲಿಲ್ಲ. ಅವಳ ಕಣ್ಣು ತಾಟಿನ ಮೇಲೆಯೇ ಇತ್ತು. "ನೀರು ಒಮ್ಮಿಗೆ ಸುರೀಬ್ಯಾಡ್ರಿ," ಎಂದಳು. "ಇದು ಕುಸರೆಳ್ಳು ಮಾಡಿದಂಗ ಐತಿ."

"ಏನಂದಿ?"

"ಎಳ್ಳಿಗೆ ಪಾಕಾ ಒಮ್ಮಿಗೆ ಹೊಯ್ದ್ರ ಗಂಟ ಆಕ್ಕೇತಿ. ಒಂದ ಚಮಚಾ ಹಾಕೂದು, ಕೈ ಆಡಸೂದು, ಒಣಗಿಂದ ಮತ್ತೊಂದ ಚಮಚಾ. ಅವಸರಾ ಮಾಡಿದ್ರ ಮುಳ್ಳ ಏಳೂದಿಲ್ಲ. ಮತ್ತ ನಡುವ ಎಳ್ಳ ಬೇಕು. ನಿಮ್ಮ ಬೂದ್ಯಾಗ ಎಳ್ಳ ಎಲ್ಲೈತ್ರಿ?"

ಇಪ್ಪತ್ತು ವರ್ಷದಿಂದ ಸಂಕ್ರಮಣಕ್ಕೆ ಅವಳು ಮಾಡಿದ ಕುಸರೆಳ್ಳು, ಮೈತುಂಬ ಸಕ್ಕರೆಯ ಮುಳ್ಳೆದ್ದ ಎಳ್ಳು, ಸಾಂಗ್ಲಿಯ ನೆಂಟರವರೆಗೂ ಹೋಗುತ್ತಿತ್ತು. ಬಾಹುಬಲಿ ಡಿಪ್ಲೊಮಾ ಓದಿದವನು, ಯಾರಾದರೂ ಹೇಳಿಕೊಟ್ಟರೆ ಅವನಿಗೆ ಸೇರುತ್ತಿರಲಿಲ್ಲ. ಆದರೆ ಅಂದು ಹೊತ್ತಿಗೆ ಸರಿಯಾಗಿ ಉಂಡಿದ್ದ. ತುಸು ಯೋಚಿಸಿ, ಜರಡಿಯಲ್ಲಿ ಉಳಿದಿದ್ದ ಬೂದಿಯ ದಪ್ಪ ಹರಳನ್ನು ಅಂಗೈಯಲ್ಲಿ ತೆಗೆದುಕೊಂಡು, "ಇದ ಎಳ್ಳು ಅಂತ ತಿಳಿ," ಎಂದ.

ಮರುದಿನದಿಂದ ಮಹಾದೇವಿ ಮಧ್ಯಾಹ್ನವೇ ಬರತೊಡಗಿದಳು. ಮೋಟಾರಿನ ವೇಗ ಇಳಿಸಿದರು. ಪೈಪು ಬಿಟ್ಟು, ಕಬ್ಬಿಗೆ ಔಷಧ ಹೊಡೆಯುವ ಪಂಪಿನಂಥ ಹೊಸ ಪಂಪೊಂದನ್ನು ತಂದು ನೀರಿನ ತುಂತುರು ಹಾರಿಸಿದರು. ಮೊದಲು ಹರಳು, ಮೇಲೆ ತುಂತುರು, ಮೇಲೆ ಒಂದು ಹಿಡಿ ಬೂದಿ, ಮತ್ತೆ ತುಂತುರು. ಮೂರನೆಯ ದಿನ ತಾಟಿನಲ್ಲಿ ಕಡಲೆಕಾಳಿನಷ್ಟು ಗುಂಡುಗಳು ಒಂದರ ಮೇಲೊಂದು ಉರುಳಿ ಬಾರಿಹಣ್ಣಿನ ಗಾತ್ರಕ್ಕೆ ಬೆಳೆದು ಅಂಚಿನಿಂದ ತಾವೇ ಜಾರಿ ಬುಟ್ಟಿಗೆ ಬಿದ್ದವು. ತಂಗೆವ್ವ ಒಂದನ್ನು ಬೆರಳಲ್ಲಿ ಒತ್ತಿ ನೋಡಿ, ಇನ್ನೊಂದು ಬುಟ್ಟಿ ತಂದಿಟ್ಟಳು. ಒಂದು ದಿನ ಹಸಿ ಚೀಲದ ಕೆಳಗೆ, ಆಮೇಲೆ ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿ ಇಟ್ಟರು.

ಗುಂಡುಗಳನ್ನು ತೋರಿಸಲು, ರಬಕವಿಯಲ್ಲಿ ಮನೆ ಕಟ್ಟುವ ಗೌಂಡಿ ಚನಮಲ್ಲಪ್ಪನನ್ನು ಬಾಹುಬಲಿ ಕರೆಸಿದ. ಚನಮಲ್ಲಪ್ಪ ಬುಟ್ಟಿ ಎತ್ತಿ, ಹಾಗೆಯೇ ಇಳಿಸಿದ.

"ಅಣ್ಣಾರ, ಬುಟ್ಟಿ ಎತ್ತಿದ್ರ ನಡಾ ಹಿಡೀಬೇಕು, ಅದು ಖಡಿ. ಇದು ಚುರಮರಿ ಆತಲ್ರಿ."

ಒಂದು ಗುಂಡನ್ನು ಬಂಡೆಯ ಮೇಲಿಟ್ಟು ಹಿಮ್ಮಡಿಯಿಂದ ತುಳಿದ, ಒಡೆಯಲಿಲ್ಲ. ಸುತ್ತಿಗೆಯಿಂದ ಬಡಿದ, ಒಡೆಯಿತು.

"ಸುತ್ತಿಗಿ ಬಡದ್ರ ಕಲ್ಲೂ ಒಡೀತೈತ್ರಿ," ಎಂದಳು ಮಹಾದೇವಿ.

"ಖರೆ ಐತ್ರಿ ಅಕ್ಕಾರ. ಆದ್ರ ನಾ ಹಾಕಿದ ಸ್ಲ್ಯಾಬ್ ಬಿತ್ತಂದ್ರ ನನ್ನ ಹೆಸರೂ ಬೀಳತೈತಿ."

ಅವನ ಮಾತಿನಲ್ಲಿ ಹಗೆ ಇರಲಿಲ್ಲ. ಮಹಾದೇವಿಗೆ ಅದು ಸರಿಯೆನ್ನಿಸಿತು. ಗಂಡನಿಗೆ ಹೇಳಿ ಆ ಗುಂಡು ಹಾಕಿ ಎರಕ ಹೊಯ್ದ ಕಾಂಕ್ರೀಟಿನ ತುಂಡುಗಳನ್ನು ಬಾಗಲಕೋಟೆಯ ಕಾಲೇಜಿಗೆ ಪರೀಕ್ಷೆಗೆ ಕಳಿಸಿದಳು. ಉತ್ತರ ಬಂತು: ಮಹಡಿ ಮನೆಯ ಕಂಬ, ತೊಲೆಗೆ ಬೇಡ, ಇಟ್ಟಿಗೆ, ಅಡ್ಡಗೋಡೆ, ತೊಟ್ಟಿಗೆ ಅಡ್ಡಿಯಿಲ್ಲ, ಭಾರ ಮಾತ್ರ ಮೂರರಲ್ಲಿ ಒಂದು ಪಾಲು ಕಡಿಮೆ. ಬಾಹುಬಲಿ ಮೊದಲನೆಯ ಸಾಲಿಗೇ ಮಂಕಾದ. ಮಹಾದೇವಿ ಕೊನೆಯ ಸಾಲನ್ನು ಎರಡು ಸಲ ಓದಿಸಿದಳು.

"ಹಗುರ ಇದ್ದದ್ದ ಬೇಕು ಅನ್ನಾವ್ರು ಯಾರರೆ ಇರಬೇಕಲ್ರಿ," ಎಂದಳು.

ಅಂಥವನು ತಂಗೆವ್ವನ ಮನೆಯಲ್ಲೇ ಇದ್ದ. ಅವಳ ಗಂಡ ಪಾಂಡಪ್ಪ ಹುನ್ನೂರಿನ ಕುರಿಗಾರ. ಬೇಸಿಗೆಯಲ್ಲಿ ಹಿಂಡು ಹೊಲದಿಂದ ಹೊಲಕ್ಕೆ ಹೋಗುತ್ತಿತ್ತು. ಹೊಳೆ ಹಿಂದೆ ಸರಿದಾಗ ನೀರು ಕುಡಿಯಲು ಇಳಿದ ಮರಿಗಳು ದಂಡೆಯ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ದೋಣಿ ಎನ್ನುವ ಸಿಮೆಂಟಿನ ಉದ್ದ ತೊಟ್ಟಿಯಲ್ಲಿ ನೀರು ತುಂಬಿಟ್ಟರೆ ಹಿಂಡು ಅಲ್ಲೇ ಕುಡಿಯುತ್ತದೆ, ಆದರೆ ಅದನ್ನು ಎತ್ತಲು ಆರು ಮಂದಿ ಬೇಕು.

"ನಾವಿಬ್ಬರ ಗಂಡಹೆಂಡ್ರು ಎತ್ತಿ ಗಾಡ್ಯಾಗ ಇಡೂವಂಥಾ ದ್ವಾಣಿ ಆದ್ರ ಮಾಡಿಕೊಡ ತಂಗಿ," ಎಂದ ಪಾಂಡಪ್ಪ ಮಹಾದೇವಿಗೆ.

ಮೊದಲನೆಯ ದೋಣಿ ಕೆಟ್ಟಿತು. ಒಣಗುಂಡುಗಳು ಕಾಂಕ್ರೀಟಿನ ನೀರನ್ನೆಲ್ಲ ಹೀರಿಕೊಂಡು ಮೈಯೆಲ್ಲ ಬಿರುಕು ಬಿಟ್ಟಿತು. ಬಾಹುಬಲಿ ಅದನ್ನು ಒಡೆದು ಹಾಕಲು ಹೊರಟಾಗ ಮಹಾದೇವಿ ತಡೆದು, ಒಳಗಿನ ಗುಂಡು ತೆಗೆದು ನೋಡಿದಳು. "ಕಾಳು ನೆನಿಹಾಕಲಾರದ ಒಲಿ ಮ್ಯಾಲ ಇಟ್ಟಂಗ ಆಗೇತ್ರಿ," ಎಂದಳು. ಎರಡನೆಯದಕ್ಕೆ ಗುಂಡುಗಳನ್ನು ಹಿಂದಿನ ದಿನವೇ ನೆನೆಹಾಕಿ, ನಡುವೆ ತಂತಿಯ ಜಾಳಿ ಕೊಟ್ಟು, ಒಳಗೆ ಸಿಮೆಂಟು ಬಳಿದು ನುಣ್ಣಗೆ ಗಿಲಾಯಿ ಮಾಡಿದರು. ನೀರು ತುಂಬಿ ಎರಡು ದಿನ ಬಿಟ್ಟರು. ಕೆಳಗಿನ ನೆಲ ಒಣಗಿಯೇ ಇತ್ತು.

ದೋಣಿ ಒಯ್ಯುವ ದಿನ ಅಂಗಳದ ಆಳುಗಳು ಕೈ ಹಚ್ಚಲು ಬಂದರು. ತಂಗೆವ್ವ ಸೆರಗು ಬಿಗಿದು, "ಯಾರೂ ಮುಟ್ಟಬ್ಯಾಡ್ರಿ," ಎಂದಳು. ಒಂದು ಕಡೆ ಅವಳು, ಇನ್ನೊಂದು ಕಡೆ ಪಾಂಡಪ್ಪ. ಒಮ್ಮೆ ದಮ್ಮು ಹಿಡಿದು ಎತ್ತಿದರು, ಗಾಡಿಯಲ್ಲಿಟ್ಟರು. ಬಾಹುಬಲಿ ಹೆಂಡತಿಯ ಕಡೆ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡ.

ಸಿಮೆಂಟಿನ ವಾಸನೆಗೆ ಕುರಿಗಳು ಒಂದು ದಿನ ಮೂತಿ ತಿರುಗಿಸಿದವಂತೆ. ಮರುದಿನ ಒಂದು ಮುದಿ ಆಡು ಕುಡಿಯಿತು, ಹಿಂದೆಯೇ ಹಿಂಡೆಲ್ಲ ಕುಡಿಯಿತು. ಪಾಂಡಪ್ಪನ ಬಾಯಿಯಿಂದ ಸುದ್ದಿ ಕುರಿಗಾರರ ಹಟ್ಟಿ ಹಟ್ಟಿಗೂ ಹೋಯಿತು. ಮಳೆಗಾಲದ ಹೊತ್ತಿಗೆ ಚನಮಲ್ಲಪ್ಪನೂ ಬಂದ. ಬನಹಟ್ಟಿಯಲ್ಲಿ ನೇಕಾರರೊಬ್ಬರ ಹಳೆಯ ಮನೆ. ಮೇಲೆ ಅಡ್ಡಗೋಡೆ ಬೇಕು, ಕೆಳಗೆ ಅಜ್ಜನ ಕಾಲದ ಮರದ ತೊಲೆ, ಭಾರ ತಡೆಯುವುದಿಲ್ಲ. ಕಾಲೇಜಿನ ಕಾಗದ ತರಿಸಿಕೊಂಡು ಓದಿ, ಹಗುರ ಇಟ್ಟಿಗೆ ಎಷ್ಟು ದಿನಕ್ಕೆ ಆಗುತ್ತವೆಂದು ಮಹಾದೇವಿಯನ್ನೇ ಕೇಳಿದ. ಅವಳು ಬೆರಳು ಮಡಿಚಿ ಎಣಿಸಿ, "ಒಂದೂವರಿ ತಿಂಗಳು. ಅದಕ್ಕಿಂತ ಮದಲ ಕೇಳಬ್ಯಾಡ್ರಿ, ಹಸೀದು ಕೊಡೂದಿಲ್ಲ," ಎಂದಳು.

ಮುಂದಿನ ಬೇಸಿಗೆಯಲ್ಲಿ ಗಲಗಲಿಯ ಕುರಿಗಾರರಿಗೆ ಹನ್ನೆರಡು ದೋಣಿ ಹೋದವು. ಟ್ರ್ಯಾಕ್ಟರಿನ ಜೊತೆ ಮಹಾದೇವಿ, ತಂಗೆವ್ವ ಇಬ್ಬರೂ ಹೋದರು. ಇಳಿಸಿ ಮುಗಿದ ಮೇಲೆ ಶಿವಗಂಗವ್ವ ಎಂಬ ಮುದುಕಿ ತಂಬಿಗೆಯ ತುಂಬ ಮಜ್ಜಿಗೆ ತಂದುಕೊಟ್ಟು, "ಇದನ್ನ ಮಾಡಿದಾವ್ರು ಯಾರವ್ವಾ?" ಎಂದು ಕೇಳಿದಳು.

"ನಾವ," ಎಂದಳು ತಂಗೆವ್ವ.

ಬರುವಾಗ ಡ್ರೈವರು ಮುಂದೆ ಕೂರಲು ಕರೆದರೂ ಅವರು ಹೋಗಲಿಲ್ಲ. ಖಾಲಿ ಟ್ರೇಲರಿನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು. ಹೊಲದವರು ಕೊಟ್ಟ ಕಬ್ಬು ಮುರಿದು ತಿನ್ನುತ್ತ, ಸಿಪ್ಪೆಯನ್ನು ದಾರಿಗೆ ಉಗುಳುತ್ತ, ಊರು ಬರುವವರೆಗೂ ಮಾತಾಡುತ್ತಲೇ ಬಂದರು.