ಜುಲೈ ಮೂವತ್ತೊಂದು, ಶುಕ್ರವಾರ

೧

"ಎಲ್ಲಿಂದ ಶುರು ಮಾಡಲಿ?" ಎಂದು ಡೆಲ್ಫೀನಳನ್ನೇ ಕೇಳಿದೆ.

"ನಾನು ಬಿದ್ದಿರೋ ಜಾಗದಿಂದ ಮಾತ್ರ ಬೇಡ ರೈಟರಮ್ಮ," ಎಂದಳು. "ನಿಮಗೆಲ್ಲ ಅದೇ ಸಲೀಸು. ಕಪ್ಪು ಹೆಂಗಸು, ಬಚ್ಚಲ ನೆಲ, ಹೊರಗಿಂದ ಯಾರೋ ಬಾಗಿಲು ಬಡಿಯೋ ಸದ್ದು."

(ನನ್ನ ಮೊದಲ ಕರಡು ಸರಿಯಾಗಿ ಅಲ್ಲಿಂದಲೇ ಶುರುವಾಗಿತ್ತು. ಅವಳು ಅದನ್ನು ಓದಿರಲಿಲ್ಲ. ಹರಿದು ಹಾಕಿದೆ.)

ಎರಡನೆಯ ಕರಡು ನದಿಯಿಂದ ಹೊರಟಿತ್ತು. ಸಂಜೆ, ಸೇತುವೆ, ನೀರಿನ ಮೇಲೆ ಬೆಳಕು. ಮೆಂಫಿಸಿನಲ್ಲಿ ಇಷ್ಟು ವರ್ಷ ಬದುಕಿದ್ದೇನೆ, ಕೆಲಸ ಮುಗಿಸಿ ನದಿ ನೋಡುತ್ತ ನಿಂತ ಒಬ್ಬ ಬಾಡಿಗೆದಾರಳನ್ನೂ ಕಂಡಿಲ್ಲ. ಅದೂ ಕಸಕ್ಕೆ.

ಮೂರನೆಯದರಲ್ಲಿ ನದಿಯೂ ಇಲ್ಲ, ನೆಲವೂ ಇಲ್ಲ. ಎರಡು ಸಾವಿರದ ಹದಿನೈದನೇ ಇಸವಿ. ಡೆಲ್ಫೀನ್ ಮೇಬ್ರಿ, ಇಪ್ಪತ್ತೊಂಬತ್ತು ವರ್ಷ, ಓದಿದ್ದು ಸಾಹಿತ್ಯ. ಒಂದು ಬಣ್ಣದ ಕಂಪನಿಯಲ್ಲಿ ಹೊಸ ಬಣ್ಣಗಳಿಗೆ ಹೆಸರಿಡುವ ಕೆಲಸ. ಒಂದೇ ಬೂದು ಬಣ್ಣವನ್ನು ಹನ್ನೊಂದು ಹೆಸರಲ್ಲಿ ಮಾರಿಕೊಟ್ಟಿದ್ದಾಳೆ. ಅವಳಿಗೀಗ ಡಾಕ್ಟರಾಗಬೇಕು. ಮೆಡಿಕಲ್ ಕಾಲೇಜಿನ ಬಾಗಿಲು ತಟ್ಟುವ ಮೊದಲು ಅವಳಂತೆ ಬೇರೆ ಪದವಿ ಮುಗಿಸಿದವರು ಕೆಮಿಸ್ಟ್ರಿ, ಫಿಸಿಕ್ಸ್, ಬಯಾಲಜಿಗಳನ್ನು ಸೊನ್ನೆಯಿಂದ ಕಲಿತು ಬರಬೇಕು. ಅದಕ್ಕೆಂದೇ ಇರುವ ಒಂದು ವರ್ಷದ ಕೋರ್ಸಿನಲ್ಲಿ ಅವಳಿಗೆ ಸೀಟು ಸಿಕ್ಕಿದೆ. ಆಗಸ್ಟ್ ಕೊನೆಗೆ ತರಗತಿ ಶುರು. ಹಗಲಿಡೀ ತರಗತಿ, ಆದ್ದರಿಂದ ಕೆಲಸ ಬಿಡಬೇಕು.

ಇನ್ನೊಂದು ಮಾತು. ಡೆಲ್ಫೀನಳಿಗೆ ಹತ್ತನೇ ವಯಸ್ಸಿನಿಂದ ಶುಗರ್. ಮಾತ್ರೆಗೆ ಬಗ್ಗುವ ಶುಗರ್ ಅಲ್ಲ. ಇನ್ಸುಲಿನ್ ತಪ್ಪಿದರೆ ಮೂರ್ನಾಲ್ಕು ದಿನದಲ್ಲಿ ರಕ್ತ ಹುಳಿಯಾಗಿ ಸಾಯುವಂಥದ್ದು.

"ಅದನ್ನ ಇಷ್ಟು ಬೇಗ ಹೇಳ್ಬೇಕಿತ್ತಾ?" ಎಂದಳು.

ಹೇಳಬೇಕಿತ್ತು. ಹೆದರಿಕೆಯನ್ನು ಬಚ್ಚಿಟ್ಟು ಆಮೇಲೆ ತೆಗೆದು ತೋರಿಸುವುದು ಜಾದೂಗಾರರ ಕೆಲಸ.

೨

ರೂಮು. ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಮಿಸ್ ಓಪಲ್ ಅವರ ಮನೆ, ಮಹಡಿ ಮೇಲೆ. ಎಪ್ಪತ್ತು ದಾಟಿದ ಈ ಹೆಂಗಸನ್ನು ಬೀದಿಯವರೆಲ್ಲ 'ಮಿಸ್' ಸೇರಿಸಿಯೇ ಕರೆಯಬೇಕು. ಬರೀ ಓಪಲ್ ಅಂದವನು ಬದುಕಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ.

"ಸಂಬಳದ ಚೀಟಿ ತೋರಿಸು," ಎಂದರು ಜೂನ್‌ನಲ್ಲಿ. "ಓದೋರಿಗೆ ನಾನು ರೂಮು ಕೊಡಲ್ಲ. ಓದೋರು ಅಂದ್ರೆ ದುಡಿಯದೋರು."

ಡೆಲ್ಫೀನ್ ಚೀಟಿ ತೋರಿಸಿದಳು. ಇನ್ನೇನು ಬಿಡಲಿರುವ ಕೆಲಸದ ಚೀಟಿ. ಮೊದಲ ತಿಂಗಳ ಬಾಡಿಗೆ, ಮುಂದೆ ರೂಮು ಬಿಡುವ ಕೊನೆಯ ತಿಂಗಳ ಬಾಡಿಗೆ, ಮೇಲೆ ಡಿಪಾಸಿಟ್ಟು, ಎಲ್ಲ ಒಂದೇ ಏಟಿಗೆ ಕೊಟ್ಟಳು. ಉಳಿತಾಯ ಅಲ್ಲಿಗೆ ತೀರಿತು. ಕಾಲೇಜಿನ ಸಾಲ ತರಗತಿ ಶುರುವಾದ ಮೇಲಷ್ಟೇ ಕೈಗೆ ಬರುವುದು. ಔಷಧಿಯ ಖರ್ಚು ಹೊರುವ ಕಾಲೇಜಿನ ಆರೋಗ್ಯ ವಿಮೆಯೂ ಸೆಪ್ಟೆಂಬರಿಗೇ. ನಡುವೆ ಒಂದು ತಿಂಗಳು. ಒಂದು ತಿಂಗಳು ಹೇಗೋ ಕಳೆಯುತ್ತೆ ಎಂದುಕೊಂಡಳು.

(ಈ 'ಹೇಗೋ' ಎನ್ನುವ ಪದವನ್ನು ಗಮನಿಸಿ. ಈ ದೇಶದ ಬಡವರ ಬಜೆಟ್ಟಿನ ಅತಿ ದೊಡ್ಡ ಬಾಬ್ತು ಅದೇ.)

೩

ಕಂಪನಿಯಲ್ಲಿ ಕೊನೆಯ ದಿನ ಜುಲೈ ಮೂವತ್ತೊಂದು, ಶುಕ್ರವಾರ. ಕೇಕ್ ತಂದಿದ್ದರು, ಮೇಲೆ ನೀಲಿ ಕೆನೆಯಲ್ಲಿ 'ಡಾಕ್ಟರ್ ಡೆಲ್ಫೀನ್' ಎಂದು. ಶುಗರಿನವಳಿಗೆ ಕೇಕ್. ಬೇಡ ಅನ್ನಲಾಗದೆ ತಿಂದಳು, ಅದಕ್ಕೆಂದು ಎರಡು ಯೂನಿಟ್ ಇನ್ಸುಲಿನ್ ಹೆಚ್ಚು ಹಾಕಿಕೊಂಡಳು.

ಆ ಎರಡು ಯೂನಿಟ್ ನೆನೆದರೆ ಅವಳಿಗೆ ಈಗಲೂ ಹೊಟ್ಟೆ ಉರಿಯುತ್ತದೆ.

೪

ಆಗಸ್ಟಿನ ಮೊದಲ ವಾರ, ಔಷಧಿ ಅಂಗಡಿ.

"ವಿಮೆ ಮುಗಿದಿದೆ ಅಂತ ತೋರಿಸ್ತಿದೆ ಮ್ಯಾಮ್," ಎಂದಳು ಕೌಂಟರಿನ ಹುಡುಗಿ.

"ಇನ್ನೊಂದ್ಸಲ ನೋಡಿ. ನಾನು ಕೆಲಸ ಬಿಟ್ಟು ವಾರಾನೂ ಆಗಿಲ್ಲ."

"ನೋಡ್ದೆ ಮ್ಯಾಮ್. ಜುಲೈಗೇ ಮುಗಿದಿದೆ. ಕೈಯಿಂದ ಕೊಡ್ತೀರಾ?"

ಹುಡುಗಿ ಬೆಲೆ ಹೇಳಿದಳು. ಹೇಳುವಾಗ ದನಿ ತಗ್ಗಿಸಿದಳು, ಯಾರದೋ ಮನೆಯ ಮಾನದ ವಿಷಯ ಎತ್ತುವವಳ ಹಾಗೆ. ಡೆಲ್ಫೀನ್ ಬರಿಗೈಯಲ್ಲಿ ಹೊರಬಂದು, ಬಿಸಿಲಿಗೆ ಕಾದ ಕಾರಿನಲ್ಲಿ ಕೂತು, ಹಳೆಯ ಕಂಪನಿಯ ಸಿಬ್ಬಂದಿ ವಿಭಾಗದ ಟಾಲಿವರ್‌ಗೆ ಫೋನ್ ಮಾಡಿದಳು.

"ಓ, ಡಾಕ್ಟರ್!" ಎಂದ ಟಾಲಿವರ್. ಖುಷಿಯ ಮನುಷ್ಯ. "ಕಂಪನಿ ವಿಮೆ ತಿಂಗಳ ಲೆಕ್ಕ ನೋಡಿ. ನೀವು ಜುಲೈಗೇ ಮುಗಿಸಿದ್ರಿ, ಅದೂ ಜುಲೈಗೇ ಮುಗೀತು. ಆಗಸ್ಟಲ್ಲಿ ಒಂದು ದಿನ ಬಂದಿದ್ರೂ ಪೂರ್ತಿ ಆಗಸ್ಟ್ ಸಿಗ್ತಿತ್ತು."

"ಒಂದು ದಿನ?"

"ಸೋಮವಾರ ಬಂದು ಒಂದು ಗಂಟೆ ಕೂತು ಹೋಗಿದ್ರೂ ಆಗಿತ್ತು. ತುಂಬಾ ಜನ ಹಂಗೇ ಮಾಡ್ತಾರೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

"ಯಾರೂ ಹೇಳ್ಲಿಲ್ವಲ್ಲ ಮಿಸ್ಟರ್ ಟಾಲಿವರ್."

"ನೀವು ಕೇಳ್ಲಿಲ್ವಲ್ಲ. ಬೇಕಿದ್ರೆ ಕೋಬ್ರಾ ತಗೊಳ್ಳಿ."

(ಓದುಗರೇ, ಇದು ನನ್ನ ಕಲ್ಪನೆಯಲ್ಲ. ಕೆಲಸ ಬಿಟ್ಟವರು ಹಳೆಯ ವಿಮೆಯ ಪೂರ್ತಿ ಕಂತನ್ನು ತಾವೇ ಕಟ್ಟಿ ಉಳಿಸಿಕೊಳ್ಳಬಹುದು ಎನ್ನುವ ಕಾನೂನನ್ನು ಇಲ್ಲಿನವರು ಕೋಬ್ರಾ ಅನ್ನುತ್ತಾರೆ. ನಾನು ಈ ಹೆಸರು ಇಟ್ಟಿದ್ದರೆ ನನ್ನ ಓದುವ ಬಳಗದ ಗೆಳತಿಯರು 'ಸಂಕೇತ ಜಾಸ್ತಿಯಾಯ್ತು' ಎಂದು ಮುಖ ಸಿಂಡರಿಸುತ್ತಿದ್ದರು. ಸರ್ಕಾರಕ್ಕೆ ಆ ಭಯವಿಲ್ಲ.)

ಕೋಬ್ರಾದ ಒಂದು ತಿಂಗಳ ಕಂತು ಮಿಸ್ ಓಪಲ್ ಮನೆಯ ಬಾಡಿಗೆಗಿಂತ ಹೆಚ್ಚು.

೪ (ಮತ್ತೆ)

ಇಲ್ಲಿ ಕಥೆ ನಿಂತಿತು. ನಿಲ್ಲಿಸಿದವಳು ಡೆಲ್ಫೀನ್.

"ಆ ತಾರೀಖು ಹಾಕಿದ್ದು ಯಾರು?"

"ರಾಜೀನಾಮೆ ಕೊಟ್ಟವಳು ನೀನು."

"ಬರೆದವಳು ನೀನು. ಜುಲೈ ಮೂವತ್ತೊಂದು, ಶುಕ್ರವಾರ. ತಿಂಗಳೂ ಮುಗೀತು, ವಾರವೂ ಮುಗೀತು, ಕೇಳೋಕೆ ಚೆನ್ನಾಗಿದೆ ಅಂತ ಹಾಕ್ದೆ. ಮೇಲಿಂದ ತಲೆಬರಹ ಬೇರೆ ಮಾಡ್ಕೊಂಡಿದೀಯ. ಈಗ ಅದನ್ನ ಹೊಡೆದು 'ಆಗಸ್ಟ್ ಮೂರು, ಸೋಮವಾರ' ಅಂತ ಬರಿ. ನಿನಗೆ ಒಂದು ಗೀಟು. ನನಗೆ ಒಂದು ತಿಂಗಳು."

ಪೆಟ್ಟು ನಾಟುವಲ್ಲೇ ನಾಟಿತು. ತಾರೀಖು ಹೊಡೆದೆ. 'ಆಗಸ್ಟ್ ಮೂರು' ಎಂದು ಬರೆದೆ. ಡೆಲ್ಫೀನ್ ಸೋಮವಾರ ಕಂಪನಿಗೆ ಹೋದಳು, ಒಂದು ಗಂಟೆ ಕೂತಳು, ಒಂದು ಹಳದಿಗೆ ಹೆಸರಿಟ್ಟಳು, ಮನೆಗೆ ಬಂದಳು. ಔಷಧಿ ಸಿಕ್ಕಿತು. ಕಥೆ ಮುಗಿಯಿತು.

ಆಮೇಲೆ ಎಷ್ಟೋ ಹೊತ್ತು ಆ ಪುಟ ನೋಡುತ್ತ ಕೂತೆ. ಇವಳೊಬ್ಬಳ ತಾರೀಖು ತಿದ್ದಿದೆ. ಕಥೆಯ ಹೊರಗೆ ಶುಕ್ರವಾರ ಕೇಕ್ ತಿಂದು ಬಂದವರ ತಾರೀಖು? ಟಾಲಿವರ್ ಆಗ ಇನ್ನೂ ಸೊಗಸಾಗಿ ನಗುತ್ತಾನೆ: ನೋಡಿ, ಕೇಳಿ ತಿಳ್ಕೊಂಡೋರಿಗೆ ಎಲ್ಲಾ ಸರಿಯಾಗೇ ಇದೆ. ಒಂದು ಸೋಮವಾರಕ್ಕೆ ಒಂದು ಜೀವವನ್ನು ನೇತುಹಾಕಿದ ವ್ಯವಸ್ಥೆ ಜಾಣರ ಮಟ್ಟಿಗೆ ಬರೀ ಒಂದು ಒಗಟಾಗಿಬಿಡುತ್ತದೆ.

ತಾರೀಖು ಮತ್ತೆ ಮೂವತ್ತೊಂದಕ್ಕೇ ತಂದೆ. ಡೆಲ್ಫೀನ್ ನನ್ನ ಮುಖ ನೋಡಲಿಲ್ಲ.

"ನಿನ್ನ ಹೋರಾಟಕ್ಕೆ ನನ್ನ ರಕ್ತ," ಎಂದಳು. "ಆಗ್ಲಿ. ಮುಂದೆ ಬರಿ."

೫

ಮಿಸ್ ಓಪಲ್ ಹತ್ತಿರ ಹೋಗಿ ಕೊನೆಯ ತಿಂಗಳ ಬಾಡಿಗೆ ವಾಪಸ್ ಕೇಳಿದಳು.

"ಅದು ಸೂರಿಗೆ ಹೋಯ್ತಲ್ಲಮ್ಮ," ಎಂದರು ಮಿಸ್ ಓಪಲ್, ಕೈ ಮೇಲೆತ್ತಿ. "ನೋಡು, ಹೊಸ ಶೀಟು. ನಿನ್ನ ಕೊನೇ ತಿಂಗಳು ಅಲ್ಲೇ ಇದೆ, ಹತ್ತಿ ಕಿತ್ಕೋ." ಆಮೇಲೆ ಅವಳ ಮುಖ ನೋಡಿ, "ಯಾಕೆ ಹಂಗೆ ನೀರು ಕುಡೀತಿದ್ದೀಯ? ಇದು ಮೂರನೇ ಲೋಟ."

ಡೆಲ್ಫೀನ್ ಲೋಟ ಕೆಳಗಿಟ್ಟು ಮಹಡಿ ಹತ್ತಿದಳು. ಇದ್ದ ಇನ್ಸುಲಿನನ್ನು ಉಳಿಸಿ ಉಳಿಸಿ ಬಳಸತೊಡಗಿದ್ದಳು. ಅನ್ನ, ಬ್ರೆಡ್ಡು ಬಿಟ್ಟಳು. ಮೊಟ್ಟೆ, ಸೊಪ್ಪು ತಿಂದಳು. ಹಾಕಿಕೊಳ್ಳುವುದನ್ನು ಮುಕ್ಕಾಲಿಗೆ ಇಳಿಸಿದಳು, ಆಮೇಲೆ ಅದಕ್ಕಿಂತ ಕೆಳಕ್ಕೆ.

ತರಗತಿಗೆ ಮೊದಲು ಮುಗಿಸಿ ಬರಬೇಕಾದ ಕೆಮಿಸ್ಟ್ರಿ ಪುಸ್ತಕ ಎದುರಿಗಿದೆ. ಎರಡು ಪದಾರ್ಥ ಬೆರೆತಾಗ ಯಾವುದು ಮೊದಲು ಖಾಲಿಯಾಗುತ್ತದೋ ಅದೇ ಇಡೀ ಕ್ರಿಯೆಯನ್ನು ನಿಲ್ಲಿಸುತ್ತದೆ, ಎಂದು ಪಾಠ.

"ಬೇಡ," ಎಂದಳು ತಲೆಯೆತ್ತದೆ. "ಅದನ್ನ ನನ್ನ ಬದುಕಿಗೆ ಹೋಲಿಸಿದ್ರೆ ನೋಡು. ಪರೀಕ್ಷೆಗೆ ಬರೋ ಪಾಠ ಅದು. ಪಾಠವಾಗೇ ಇರ್ಲಿ."

ಹೋಲಿಸಲಿಲ್ಲ. ಆದರೆ ಒಂದನ್ನು ಬರೆಯದೆ ಇರಲಾರೆ. ಅದೇ ಸಾಲನ್ನು ಅವಳು ಮತ್ತೆ ಮತ್ತೆ ಓದುತ್ತಿದ್ದಾಳೆ. ಅಕ್ಷರಗಳು ಅಂಚಿನಲ್ಲಿ ಕರಗುತ್ತಿವೆ. ತಲೆಗೆ ಹತ್ತದಿರುವುದು ಸಕ್ಕರೆ ಏರಿದ್ದಕ್ಕೋ, ತಾನು ಇದಕ್ಕೆ ತಕ್ಕವಳೇ ಅಲ್ಲದಿರುವುದಕ್ಕೋ ಎಂಬುದು ಅವಳಿಗೆ ತಿಳಿಯುತ್ತಿಲ್ಲ. ಸಾಯುವ ಭಯಕ್ಕಿಂತ ಈ ಭಯ ಅವಳನ್ನು ಹೆಚ್ಚು ಹಿಂಡುತ್ತಿದೆ. ಮೊದಲ ವಾರವೇ ಆಸ್ಪತ್ರೆಯಲ್ಲಿ ಮಲಗಿದವಳಿಗಾಗಿ ಸೀಟು ಕಾಯುವುದಿಲ್ಲ. ಕಾದರೂ ಅಷ್ಟರಲ್ಲಿ ಉಳಿದವರು ಬಹಳ ಮುಂದೆ ಹೋಗಿರುತ್ತಾರೆ.

೬

ಮುಗಿಸುವ ದಾರಿಗಳು. ಆರಿಸಿಕೊಳ್ಳಿ.

ಅ) ದೊಡ್ಡ ಅಂಗಡಿಗಳಲ್ಲಿ ಹಳೆಯ ನಮೂನೆಯ ಇನ್ಸುಲಿನ್ ಅಗ್ಗಕ್ಕೆ ಸಿಗುತ್ತದೆ, ಡಾಕ್ಟರ ಚೀಟಿಯೂ ಬೇಡ. ಡೆಲ್ಫೀನ್: "ಅದು ಬೇರೆ ಹೊತ್ತಿಗೆ ಏರುತ್ತೆ, ಬೇರೆ ಹೊತ್ತಿಗೆ ಇಳಿಯುತ್ತೆ. ಹೇಳಿಕೊಡೋ ಡಾಕ್ಟರಿಗೆ ಕೊಡೋಕೆ ದುಡ್ಡಿಲ್ಲ. ಒಬ್ಬಳೇ ಮಲಗೋ ರೂಮು ನಂದು. ನಿದ್ದೇಲಿ ಶುಗರ್ ಇಳಿದ್ರೆ ಎಬ್ಬಿಸೋರು ಯಾರು, ನೀನಾ?"

ಆ) ಇಂಟರ್ನೆಟ್ಟಿನಲ್ಲಿ ಜನರ ಮುಂದೆ ಕೈಯೊಡ್ಡುವುದು. ಫೋಟೋ ಬೇಕು. ಡೆಲ್ಫೀನ್: "ನಗ್ತಾ ಇರೋದಾ, ಅಳ್ತಾ ಇರೋದಾ? ಯಾವುದಕ್ಕೆ ರೇಟು ಜಾಸ್ತಿ?"

ಇ) ಸೀಟು ಬಿಟ್ಟು, ಟಾಲಿವರ್‌ನ ಕೈಕಾಲು ಹಿಡಿದು ಬೂದು ಬಣ್ಣಗಳಿಗೆ ಮರಳುವುದು. ಇದಕ್ಕೆ ಅವಳು ಏನೂ ಹೇಳಲಿಲ್ಲ. ಅದಕ್ಕೇ ನನಗೆ ಭಯವಾಯಿತು.

೭

ರೂಥೆಲ್ ಆಂಟಿ ಬಂದಳು. ಡೆಲ್ಫೀನಳ ತಾಯಿಯ ತಂಗಿ, ಇವಳನ್ನು ಸಾಕಿದವಳು. ಫೋನಿನಲ್ಲೇ ವಿಷಯ ಕೇಳಿ ಹಿಂದಿನ ವಾರ ತನ್ನ ಶುಗರ್ ಮಾತ್ರೆಗಳನ್ನೇ ಪೊಟ್ಟಣ ಕಟ್ಟಿ ಕಳಿಸಿದ್ದಳು. "ಆಂಟಿ, ನಿಮ್ಮ ಶುಗರ್ ಬೇರೆ, ನನ್ನ ಶುಗರ್ ಬೇರೆ," ಎಂದು ಇವಳು ನಕ್ಕಿದ್ದಳು. ಆಂಟಿ ಈಗ ಮೇಜಿನ ಮೇಲೆ ಒಂದು ಐಸ್ ಚೀಲ ಇಟ್ಟಳು.

"ಸಿಸ್ಟರ್ ಲುವೇನಿಯಾದು."

ಸಿಸ್ಟರ್ ಲುವೇನಿಯಾ ಚರ್ಚಿನ ಹಾಡುಗಾರರಲ್ಲಿ ಆಂಟಿಯ ಪಕ್ಕದವಳು; ಆ ಚರ್ಚಿನಲ್ಲಿ ಹೆಂಗಸರೆಲ್ಲ ಒಬ್ಬರಿಗೊಬ್ಬರು ಸಿಸ್ಟರ್. ಹೋದ ಶನಿವಾರ ಮಣ್ಣು ಮಾಡಿದ್ದರು. ನಮ್ಮ ಚರ್ಚುಗಳಲ್ಲಿ ಇದೊಂದು ಪದ್ಧತಿಯೇ ಆಗಿಹೋಗಿದೆ: ಶುಗರಿನವರು ಸತ್ತರೆ, ಹೂವಿನ ಜೊತೆಗೇ ಯಾರೋ ಮೆಲ್ಲಗೆ ಕೇಳುತ್ತಾರೆ, ಫ್ರಿಡ್ಜಲ್ಲಿ ಏನಾದ್ರೂ ಉಳಿದಿದೆಯಾ ಎಂದು.

ಡೆಲ್ಫೀನ್ ಡಬ್ಬಿ ತೆಗೆದಳು. ತನ್ನದೇ ನಮೂನೆ. ಸೀಲು ಒಡೆದಿಲ್ಲ.

"ಎಲ್ಲಿತ್ತು ಆಂಟಿ?"

"ಅವಳ ಫ್ರಿಡ್ಜಲ್ಲಿ."

"ಫ್ರಿಡ್ಜು ಓಡ್ತಿತ್ತಾ?"

ಆಂಟಿ ಕೈಚೀಲದ ಹಿಡಿ ತಿರುವಿದಳು. "ಅವಳ ಅಳಿಯ ಮೇನ್ ಆಫ್ ಮಾಡಿದಾನೆ. ಖಾಲಿ ಮನೆಗೆ ಬಿಲ್ಲು ಯಾಕೆ ಅಂತ."

"ಯಾವತ್ತು?"

"ಕೇಳ್ದೆ. ಮಣ್ಣಾದ್ಮೇಲೆ ಅಂದ. ಆಮೇಲೆ, ಇಲ್ಲ ಅದಕ್ಕೂ ಮುಂಚೇನೇ ಇರ್ಬೇಕು ಅಂದ. ದುಃಖದಲ್ಲಿರೋನು ಕಣೇ, ಎಷ್ಟು ಅಂತ ಕೆದಕ್ಲಿ?"

"ಒಳಗೆ ಹಾಲಿತ್ತಾ? ಒಡೆದಿತ್ತಾ?"

"ಲುವೇನಿಯಾ ಹಾಲು ಕುಡೀತಿರ್ಲಿಲ್ಲ."

ಇಬ್ಬರೂ ನಕ್ಕುಬಿಟ್ಟರು. ನಗು ಅರ್ಧಕ್ಕೇ ನಿಂತಿತು. ಕಿಟಕಿ ಮುಚ್ಚಿದ ಮನೆ, ಆಗಸ್ಟಿನ ಮೆಂಫಿಸ್. ಶಾಖಕ್ಕೆ ಕೆಟ್ಟ ಇನ್ಸುಲಿನ್ ಬಣ್ಣ ಬದಲಿಸಿಯೇ ತೀರುತ್ತದೆ ಎಂದೇನಿಲ್ಲ, ವಾಸನೆಯನ್ನೂ ಬಿಡುವುದಿಲ್ಲ. ಒಳ್ಳೆಯದೂ ನೀರಿನ ಹಾಗೆ ತಿಳಿ, ಕೆಟ್ಟದ್ದೂ ತಿಳಿಯಾಗಿಯೇ ಇರಬಹುದು.

ಡಬ್ಬಿಯಲ್ಲಿರುವುದು ಸಿರಿಂಜಲ್ಲ. ಬರೆಯುವ ಪೆನ್ನಿನಂಥದ್ದು, ಹೆಸರೂ ಪೆನ್ನೇ. ಹಿಂಬದಿ ತಿರುಗಿಸಿದರೆ ಟಿಕ್ ಟಿಕ್ ಎನ್ನುತ್ತದೆ, ಒಂದು ಟಿಕ್ಕಿಗೆ ಒಂದು ಯೂನಿಟ್. ಅವಳ ಕೈಯಲ್ಲೂ ಪೆನ್ನು, ನನ್ನ ಕೈಯಲ್ಲೂ ಪೆನ್ನು.

"ಇದು ಕೆಟ್ಟಿಲ್ಲ ಅಂತ ಬರೆಯಲಾ?" ಎಂದು ಕೇಳಿದೆ. ಈ ಸಲ ನಾನೇ ಬೇಡಿಕೊಂಡೆ.

"ಬರೆದ್ರೆ ಏನಾಗುತ್ತೆ ಗೊತ್ತಾ?" ಎಂದಳು ಡೆಲ್ಫೀನ್, ಸೂಜಿ ಕೂರಿಸುತ್ತ. "ಓದೋರು, ಪಾಪ, ಆ ಚರ್ಚಿನವರು ಎಷ್ಟು ಒಳ್ಳೆಯವರು ಅಂತ ಮನಸ್ಸು ಹಗುರ ಮಾಡ್ಕೊಂಡು ಮಲಗ್ತಾರೆ. ಕೆಟ್ಟಿತ್ತು ಅಂತ ಬರೆದ್ರೆ ಎರಡು ಹನಿ ಕಣ್ಣೀರು ಹಾಕಿ ಮಲಗ್ತಾರೆ. ಹೆಂಗೂ ಮಲಗ್ತಾರೆ. ಮಲಗಿಸ್ಬೇಡ."

ಟಿಕ್. ಟಿಕ್. ಎಲ್ಲಿಗೆ ನಿಲ್ಲಿಸಿದಳೋ ನನಗೆ ಕಾಣಲಿಲ್ಲ. ಅಂಗಿ ಸರಿಸಿ, ಹೊಟ್ಟೆಯ ಚರ್ಮ ಹಿಡಿದು ಚುಚ್ಚಿದಳು. ಮೈಗೆ ಹೋದದ್ದು ಔಷಧಿಯೋ ನೀರೋ ಎಂದು ತಿಳಿಯಲು ಇನ್ನು ಒಂದೆರಡು ಗಂಟೆ ಬೇಕು. ಆ ಹೊತ್ತನ್ನು ನಾನು ಬರೆಯುವುದಿಲ್ಲ.

ಡೆಲ್ಫೀನ್ ಪುಸ್ತಕ ಎಳೆದುಕೊಂಡು ಅದೇ ಸಾಲಿನ ಮೇಲೆ ಬೆರಳಿಟ್ಟಿದ್ದಾಳೆ. ರೂಥೆಲ್ ಆಂಟಿ ಕುರ್ಚಿ ಹಾಕಿಕೊಂಡು ಎದುರಿಗೆ, ಅವಳ ಮುಖದಿಂದ ಕಣ್ಣು ಕೀಳದೆ ಕೂತಿದ್ದಾಳೆ.

ಇನ್ನೊಂದು ಕುರ್ಚಿ ಖಾಲಿ ಇದೆ. ಕೂತುಕೊಳ್ಳಿ.