ಊಳಿಡುವ ಮನೆತನ

ಐಮಂಗಲದಾಚೆ ಗುಡ್ಡದ ಗವಿಯಲ್ಲಿರುವ ಕತ್ತಲ ದೊರೆಗೆ ತಿಪ್ಪಕ್ಕನ ಮನೆತನ ಏಳು ತಲೆಮಾರಿನಿಂದ ಸೇವಕರು. ದೊಡ್ಡ ಕೇಡಿನ ಕೆಲಸಗಳೆಲ್ಲ ಬೇರೆಯವರಿಗೆ. ಇವರ ಪಾಲಿಗೆ ಬಂದದ್ದು ದಿನಾ ಮುಸ್ಸಂಜೆ ಬಂಡೆಯೇರಿ, ಊರವರ ಎದೆ ನಡುಗುವಂತೆ ತೋಳದ ಹಾಗೆ ಊಳಿಡುವುದು. ಒಂದು ದಿನ ತಪ್ಪಿದರೂ ದೊರೆ ಸುಮ್ಮನಿರುವವನಲ್ಲ ಎಂದು ಅತ್ತೆ ಸಾಯುವಾಗಲೂ ಹೇಳಿದ್ದಳು.

ಒಂದು ಸಂಜೆ ತಿಪ್ಪಕ್ಕನ ಗಂಟಲು ಕಟ್ಟಿತು. ಎಷ್ಟು ಬಾಯಿ ತೆರೆದರೂ ಬರೀ ಗಾಳಿ. ಹಾಳಾದ ಗಂಟಲು, ಇವತ್ತೇ ಕೈಕೊಡಬೇಕೇ! ಮನೆಗೆ ಬಂದು ಕಂಬಳಿ ಹೊದ್ದು ಕೂತಳು.

ಬಾಗಿಲು ಬಡಿದ ಸದ್ದಾಯಿತು. ದೊರೆಯ ಕಡೆಯವರೇ ಬಂದರು ಎಂದುಕೊಂಡಳು. ತೆರೆದರೆ ಕೆಳಗಿನೂರಿನ ನೇತ್ರಾವತಿ, ಕೈಯಲ್ಲಿ ಮೆಣಸಿನ ಕಷಾಯದ ಚೊಂಬು.

"ಯಾಕಕ್ಕ, ಇವತ್ತು ಕೂಗ್ಲೇ ಇಲ್ಲ? ಫೋನ್ ಮಾಡಿದ್ರೂ ಬರ್ದಿರೋ ನಮ್ಮ ಹುಡುಗ್ರು ನೀನು ಕೂಗಿದ್ರೆ ಆಟ ಬಿಟ್ಟು ಬರ್ತಾವೆ. ಹುಷಾರಿಲ್ಲೇನು?"

ಏಳು ತಲೆಮಾರು ಹೆದರಿಸಿದ್ದು ಇದಕ್ಕೇನಾ! ತಿಪ್ಪಕ್ಕನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಷಾಯ ಕುಡಿದಳು.

ಅಷ್ಟರಲ್ಲಿ ದೊರೆಯ ಅಪ್ಪಣೆ ತರುವ ಕಾಗೆ ಕಿಟಕಿಗೆ ಬಂದು ಕೂತಿತು. ಮುಗಿಯಿತು ಎಂದು ತಿಪ್ಪಕ್ಕ ಕಣ್ಣು ಮುಚ್ಚಿ ಕೈ ಮುಗಿದಳು. ಮತ್ತೆ ತೆರೆದಾಗ ಕಾಗೆ ಇರಲಿಲ್ಲ. ಅದು ಕೂತಿದ್ದ ಜಾಗದಲ್ಲಿ, ಗಂಟಲಿಗೆಂದು ಜಗಿಯುವ ಜ್ಯೇಷ್ಠಮಧುವಿನ ಒಂದು ತುಂಡಿತ್ತು.