ದುರಗಪ್ಪನ ಹಳೆಯ ಹುಲ್ಲುಯಂತ್ರ

ನಾನು ಪೆಟ್ರೋಲು ಕುಡಿದು ಹುಲ್ಲು ಕತ್ತರಿಸುವ ಯಂತ್ರ. ಕೊಯಮತ್ತೂರಿನ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮೊದಲು ಒಂದು ಕಾಲೇಜು ಮೈದಾನದಲ್ಲಿ ದುಡಿದೆ. ಅವರಿಗೆ ಬೇಡವಾದ ಮೇಲೆ ಧಾರವಾಡದ ಈ ಕ್ಲಬ್ಬಿಗೆ, ಮಾಲಿ ದುರಗಪ್ಪನ ಕೈಗೆ ಬಂದೆ. ಹಗ್ಗ ಜಗ್ಗಿ ಜಗ್ಗಿ ಅವನ ರಟ್ಟೆ ಸೋತಿತು, ಅರಚಿ ಅರಚಿ ನನ್ನ ಗಂಟಲು ಸೋತಿತು. ಇಬ್ಬರೂ ಕೂಡಿಯೇ ಮುದುಕರಾದೆವು.

ನನ್ನ ಸದ್ದಿಗೆ ಅವನ ಎಡಗಿವಿ ಹೋಯಿತು. "ಇನ್ನೂ ಆ ಮಶೀನ್ ಹಿಡದ್ರ ಬಲಗಿವೀನೂ ಹೋಗ್ತದ," ಎಂದರು ಡಾಕ್ಟರು. ನನಗೂ ಸಂಕಟವಾಯಿತು. ಆದರೆ ಮೆಲ್ಲಗೆ ಮಾತಾಡುವುದು ನನ್ನ ಹುಟ್ಟಿನಲ್ಲೇ ಇಲ್ಲ.

ನನ್ನ ಬದಲು ಬ್ಯಾಟರಿ ಯಂತ್ರ ತರುವುದೋ ಬೇಡವೋ ಎಂದು ಕ್ಲಬ್ಬಿನವರು ಕೂತು ಅಳೆದು ಸುರಿದು ನೋಡಿದರು. ಬ್ಯಾಟರಿ ಯಂತ್ರಕ್ಕೆ ಹೊಗೆಯಿಲ್ಲ, ಹಗ್ಗ ಜಗ್ಗುವ ಕಾಟವಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಆದರೆ ಹಸಿ ಹುಲ್ಲು ಕಂಡರೆ ಏದುಸಿರು ಬಿಡುತ್ತದೆ, ಅರ್ಧ ಅಂಗಳಕ್ಕೇ ಚಾರ್ಜು ಮುಗಿದು ಕೂರುತ್ತದೆ. ಬಲದಲ್ಲಿ ನಾನೇ ಮೇಲು, ಇದು ಜಂಬವಲ್ಲ. ಡಾಕ್ಟರೂ ಕ್ಲಬ್ಬಿನ ಸದಸ್ಯರಾದ್ದರಿಂದ ಕೊನೆಗೆ ಬ್ಯಾಟರಿ ಗೆದ್ದಿತು. ನಾನು ಶೆಡ್ಡು ಸೇರಿದೆ. ಹೊಟ್ಟೆಕಿಚ್ಚಿಗಿಂತ ನಿದ್ದೆಯೇ ಹೆಚ್ಚು ಬಂತು.

ಕಾರ್ಯದರ್ಶಿ ಇನಾಮದಾರ ಸಾಹೇಬರದು ಬೇರೆಯೇ ಲೆಕ್ಕ. ಅವರು ಎಂದೂ ಕುರ್ಚಿ ಬಿಟ್ಟೆದ್ದು ಹುಲ್ಲು ನೋಡಿದವರಲ್ಲ. ಸದ್ದು ಕೇಳಿದರೆ ಮಾಲಿ ದುಡಿಯುತ್ತಿದ್ದಾನೆ, ಕೇಳದಿದ್ದರೆ ಮಲಗಿದ್ದಾನೆ. ವಾರ ಕಳೆಯುವುದರೊಳಗೆ ಅವನನ್ನು ಕರೆಸಿದರು. ಶೆಡ್ಡು ಅವರ ಕಿಟಕಿಯ ಕೆಳಗೇ ಇರುವುದರಿಂದ ನನಗೆ ಎಲ್ಲ ಕೇಳಿಸಿತು.

"ಏನೋ ದುರಗಪ್ಪ, ಮುಂಜಾನಿಂದ ಸಪ್ಪಳನ ಇಲ್ಲ. ಎಲ್ಲಿ ಮಲ್ಕೊಂಡಿದ್ದಿ?"

"ಹುಲ್ಲು ಕೊಯ್ಯಾಕತ್ತಿದ್ನಿರಿ ಸಾಹೇಬ್ರ. ಈ ಮಶೀನ್ ಸಪ್ಪಳ ಮಾಡೂದಿಲ್ರಿ."

"ಸಪ್ಪಳಿಲ್ದ ಎಂಥಾ ಕೆಲಸೋ? ನಾಳಿಂದ ಹಳೇದನ್ನ ಹಚ್ಚು."

ಉಳಿದ ಕಿವಿಯೂ ಹೋದಂತೆಯೇ ಎಂದುಕೊಂಡೆ.

ಮರುದಿನ ದುರಗಪ್ಪ ನನ್ನ ಹಗ್ಗ ಜಗ್ಗಿದ. ಕ್ಲಚ್ ಬಿಡಿಸಿ, ಬ್ಲೇಡು ತಿರುಗದಂತೆ ಮಾಡಿ, ಆ ಕಿಟಕಿಯಡಿಯಲ್ಲೇ ಅರಚಲು ಬಿಟ್ಟ. "ಸಾಹೇಬ್ರಿಗೆ ನೀ ಹಾಡು, ಮುದುಕಾ. ಹುಲ್ಲಿನ ಚಿಂತಿ ನಿನಗ ಬ್ಯಾಡ," ಎಂದವನೇ ಬ್ಯಾಟರಿ ಯಂತ್ರ ತಳ್ಳಿಕೊಂಡು ಅಂಗಳದ ಆಚೆ ತುದಿಗೆ ಹೊರಟುಹೋದ.

ಈಗ ದಿನವೂ ಇದೇ. ಒಂದು ಎಸಳು ಹುಲ್ಲನ್ನೂ ಮುಟ್ಟದೆ ಮೈಯೆಲ್ಲ ನಡುಗುವಂತೆ ಕೂಗುತ್ತೇನೆ. ಇಷ್ಟು ವರ್ಷ ನಾನು ಕತ್ತರಿಸಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲವೆಂದು ನೆನೆದರೆ ಇನ್ನಷ್ಟು ದಣಿವಾಗುತ್ತದೆ. ಆದರೆ ಬುತ್ತಿ ತರುವ ಹೆಂಡತಿ ಶಾವಕ್ಕ ಮೆಲ್ಲಗೆ ಆಡಿದ ಮಾತೂ ದುರಗಪ್ಪನಿಗೆ ಕೇಳುತ್ತದಂತೆ. ಅಷ್ಟು ಸಾಕು.

ನಿನ್ನೆ ನಾನು ಕೂಗು ನಿಲ್ಲಿಸಿದ ಮೇಲೂ ಇನಾಮದಾರ ಸಾಹೇಬರು ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಿಸಿ, "ಸ್ವಲ್ಪ ಜೋರ್ ಮಾತಾಡ್ರಿ, ಕೇಳಸೂದಿಲ್ಲ," ಎನ್ನುತ್ತಿದ್ದರು.